ರಾಯಚೂರು ಅಂತ ಹುಡುಕಿದರೆ ಹತ್ತಿ ಹುಳ ಬರುತ್ತದೆ

ಏಳನೇ ಸೆಮಿಸ್ಟರ್‌ಗೆ ಬರಲಿರುವ ಜೂನಿಯರ್‌ಗಳು ಈಗ ದಿನಾ ಮೆಸೇಜ್ ಮಾಡುತ್ತಿದ್ದಾರೆ. "ಅಕ್ಕಾ, ರಿವ್ಯೂ ಆಫ್ ಲಿಟರೇಚರ್‌ಗೆ ಪೀರ್ ರಿವ್ಯೂಡ್ ಆರ್ಟಿಕಲ್ಲೇ ಬೇಕಂತ. ಎಲ್ಲಿ ಸಿಗ್ತಾವ? ಪಿಡಿಎಫ್ ಇದ್ರ ಕಳಸ್ರಿ." ರಿವ್ಯೂ ಆಫ್ ಲಿಟರೇಚರ್ ಅಂದರೆ ನಮ್ಮ ನರ್ಸಿಂಗ್ ಸಂಶೋಧನಾ ಪ್ರಾಜೆಕ್ಟಿನಲ್ಲಿ ಹಿಂದಿನ ಅಧ್ಯಯನಗಳ ಬಗ್ಗೆ ಬರೆಯುವ ಅಧ್ಯಾಯ. ಪೀರ್ ರಿವ್ಯೂಡ್ ಅಂದರೆ ಬೇರೆ ತಜ್ಞರು ಓದಿ ತಿದ್ದಿಸಿದ ಲೇಖನ. ನನ್ನ ಪಿಡಿಎಫ್ ತಗೊಂಡು ಅವರೇನು ಮಾಡುತ್ತಾರೆ? ಅವರ ಟಾಪಿಕ್ ಬೇರೆ, ನಮ್ಮ ಗುಂಪಿನದು ಬೇರೆ. ಅದಕ್ಕೆ ಹುಡುಕುವ ದಾರಿಯನ್ನೇ ಇಲ್ಲಿ ಬರೆದಿಡುತ್ತೇನೆ. ಇನ್ನು ಮೇಲೆ ಯಾರೇ ಕೇಳಲಿ, ಈ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ನಾನು ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಊರು ಲಿಂಗಸುಗೂರು ಕಡೆ. ಹತ್ತನೇ ಕ್ಲಾಸಿನ ತನಕ ಓದಿದ್ದು ಕನ್ನಡದಲ್ಲಿ. ಲ್ಯಾಪ್‌ಟಾಪ್ ಇಲ್ಲ. ಮುಂದೆ ಹೇಳುವುದೆಲ್ಲ ಮೊಬೈಲಿನಲ್ಲಿ ಮತ್ತು ಕಾಲೇಜು ಲೈಬ್ರರಿಯ ಕಂಪ್ಯೂಟರಿನಲ್ಲಿ ಮಾಡಿದ್ದು. ಒಂದು ರೂಪಾಯಿ ಖರ್ಚಾಗಿಲ್ಲ. ಆರ್ಟಿಕಲ್ ಸಿಗುವುದಿಲ್ಲ ಅಂತ ಅಳುವವರನ್ನು ಜಾಸ್ತಿ ನೋಡಿದ್ದೇನೆ. ಅವರಲ್ಲಿ ಬಹಳ ಮಂದಿಯ ಹತ್ತಿರ ಇಲ್ಲದ್ದು ಪ್ರಶ್ನೆ.

ನಮ್ಮ ಪ್ರಶ್ನೆ ಹುಟ್ಟಿದ್ದು ಲೇಬರ್ ರೂಮಿನಲ್ಲಿ. ಹೆರಿಗೆ ಆದ ಮೇಲೆ ಎಷ್ಟು ರಕ್ತ ಹೋಯಿತು ಅಂತ ಬರೆಯಬೇಕಲ್ಲ, ಅದನ್ನು ಬಹಳ ಕಡೆ ಕಣ್ಣಳತೆಯಲ್ಲೇ ಬರೆಯುತ್ತಾರೆ. ಮ್ಯಾಕಿಂತೋಷ್ (ಕೆಳಗೆ ಹಾಸುವ ರಬ್ಬರ್ ಶೀಟ್) ಮೇಲೆ ಒಂದಿಷ್ಟು ಹರಿದಿರುತ್ತದೆ. ಪ್ಯಾಡಿನಲ್ಲಿ ಒಂದಿಷ್ಟು ಹೀರಿಕೊಂಡಿರುತ್ತದೆ. ಕಿಡ್ನಿ ಟ್ರೇಯಲ್ಲಿ ಗಡ್ಡೆ. ಕೆಳಗಿನ ಬಕೆಟ್‌ನಲ್ಲಿ ನೀರು, ಮೂತ್ರ, ರಕ್ತ ಎಲ್ಲಾ ಕಲೆತಿರುತ್ತದೆ. ಒಂದೇ ಹೆರಿಗೆಯನ್ನು ನೋಡಿ ಹೊರಗೆ ಬಂದ ನಾವು ಮೂವರು ಹುಡುಗಿಯರು ಮಾತಾಡಿಕೊಂಡೆವು. ಒಬ್ಬಳು 200 ಎಂಎಲ್ ಅಂದಳು. ಇನ್ನೊಬ್ಬಳು 350. ನಾನು 500 ಮುಟ್ಟಿರಬೇಕು ಅಂದೆ. ಇದೇನು ಸಣ್ಣ ವ್ಯತ್ಯಾಸ ಅಲ್ಲ. 500 ಎಂಎಲ್ ಆದರೆ ಅದು ಪಿಪಿಎಚ್, ಅಂದರೆ ಹೆರಿಗೆ ನಂತರದ ಅತಿ ರಕ್ತಸ್ರಾವ. ಅಲ್ಲಿಂದ ಓಡಾಟವೇ ಬೇರೆ.

ಈಗ ಪಬ್‌ಮೆಡ್ ತೆಗೆದು ಪಿಪಿಎಚ್ ಅಂತ ಟೈಪ್ ಮಾಡಿದರೆ ಏನಾಗುತ್ತದೆ? ಸಾವಿರಾರು ಲೇಖನ ಬಂದು ಬೀಳುತ್ತವೆ. ಮೊದಲ ಪುಟದಲ್ಲಿ ಕಂಡ ನಾಲ್ಕು ಲೇಖನ ಎತ್ತಿಕೊಂಡು ಬರೆದುಬಿಡುವವರೂ ಇದ್ದಾರೆ. ಪಬ್‌ಮೆಡ್ ಅಂದರೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಉಚಿತ ಡೇಟಾಬೇಸ್. 1996ರಿಂದ ಇದೆ. 3.5 ಕೋಟಿಗೂ ಹೆಚ್ಚು ಲೇಖನಗಳ ವಿವರ ಅದರಲ್ಲಿದೆ. ಅಷ್ಟು ದೊಡ್ಡ ಜಾಗಕ್ಕೆ ಒಂದೇ ಶಬ್ದ ಹಿಡಿದುಕೊಂಡು ಹೋದರೆ ಕೈಗೆ ಏನು ಸಿಗುತ್ತದೋ ಅದೇ ಗತಿ.

ಕ್ಲಾಸಿನಲ್ಲಿ ಪಿಕೋ (PICO) ಅಂತ, ಪ್ರಶ್ನೆಯನ್ನು ನಾಲ್ಕು ಭಾಗ ಮಾಡುವ ಸೂತ್ರ ಹೇಳಿಕೊಟ್ಟಿರುತ್ತಾರೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿರುತ್ತೇವೆ. ಅದು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಯಾರಲ್ಲಿ? ನಾರ್ಮಲ್ ಹೆರಿಗೆ ಆದ ತಾಯಂದಿರಲ್ಲಿ. ಏನು ಮಾಡಿದರೆ? ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ, ಅಂದರೆ ಡ್ರೇಪ್ ಹಾಕಿ ರಕ್ತ ಅಳೆದರೆ. ಯಾವುದಕ್ಕೆ ಹೋಲಿಸಿ? ಕಣ್ಣಳತೆಗೆ. ಏನನ್ನು ನೋಡುವುದು? ಪಿಪಿಎಚ್ ಬೇಗ ಗೊತ್ತಾಗುತ್ತದಾ ಅಂತ. ಈ ನಾಲ್ಕು ಸಾಲನ್ನು ನಾವು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆವು. ಇಂಗ್ಲಿಷ್ ಆಮೇಲೆ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಆಗದಿದ್ದರೆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ ಅಂತಲೇ ಲೆಕ್ಕ.

ಆಮೇಲೆ ಪ್ರತಿ ಸಾಲಿಗೂ ಇಂಗ್ಲಿಷ್ ಶಬ್ದ ಕಟ್ಟಬೇಕು. ಒಂದಲ್ಲ, ಸಿಕ್ಕಷ್ಟು. ನಮ್ಮ ಕಡೆಯ ಸಂಶೋಧಕರು ಡ್ರೇಪ್ ಅಂದಿದ್ದನ್ನು ಯುರೋಪಿನವರು ಕಲೆಕ್ಟರ್ ಬ್ಯಾಗ್ ಅಂದಿದ್ದಾರೆ. ಡ್ರೇಪ್ ಅಂತ ಮಾತ್ರ ಹುಡುಕಿದವರಿಗೆ ಯುರೋಪಿನ ದೊಡ್ಡ ಅಧ್ಯಯನ ಕಾಣದೇ ಹೋಗಬಹುದು. ಹಾಗಾಗಿ ಒಂದೇ ವಸ್ತುವಿನ ಹೆಸರುಗಳ ನಡುವೆ ಆರ್ (OR), ಬೇರೆ ಬೇರೆ ಸಾಲುಗಳ ನಡುವೆ ಅಂಡ್ (AND). ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಿರಿ. ಆರ್ ಗುಂಪನ್ನು ಬ್ರಾಕೆಟ್ಟಿನೊಳಗೆ ಹಾಕಿ. ನಾಟ್ (NOT) ಅನ್ನುವುದೂ ಒಂದಿದೆ. ಅದನ್ನು ಮುಟ್ಟದಿರುವುದೇ ಒಳ್ಳೆಯದು. ಸಿಸೇರಿಯನ್ ಬೇಡ ಅಂತ ನಾಟ್ ಹಾಕಿದರೆ, ಸಿಸೇರಿಯನ್ ಬಗ್ಗೆ ಒಂದು ಸಾಲು ಹೇಳಿರುವ ಒಳ್ಳೆಯ ಲೇಖನವೂ ಹೊರಗೆ ಹೋಗುತ್ತದೆ.

ಪಬ್‌ಮೆಡ್‌ನಲ್ಲಿ ಮೆಶ್ ಅನ್ನುವ ವಿಷಯಸೂಚಿ ಇದೆ. ನೀವು ಬೆಡ್‌ಸೋರ್ ಅಂತ ಬರೆದರೂ ಅದು ಪ್ರೆಶರ್ ಅಲ್ಸರ್ ಅನ್ನುವ ತನ್ನ ಶಬ್ದಕ್ಕೆ ಹೊಂದಿಸಿಕೊಂಡು ಹುಡುಕುತ್ತದೆ. ಹೆಮರೇಜ್ ಶಬ್ದವನ್ನು ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ ಬರೆದರೂ ಅಮೆರಿಕನ್ ಸ್ಪೆಲಿಂಗ್‌ನಲ್ಲಿ ಬರೆದರೂ ಹೀಗೇ ಸರಿಹೋಗುತ್ತದೆ. ಆದರೆ ಶಬ್ದದ ಸುತ್ತ ಕೋಟ್ ಚಿಹ್ನೆ ಹಾಕಿದ ಕೂಡಲೇ ಈ ಸಹಾಯ ನಿಂತುಹೋಗುತ್ತದೆ. ನೀವು ಬರೆದ ಅಕ್ಷರವನ್ನೇ ಅದು ಹುಡುಕುತ್ತದೆ. ಯೂಟ್ಯೂಬ್ ನೋಡಿ ಎಲ್ಲದಕ್ಕೂ ಕೋಟ್ ಹಾಕುವವರು ಇದನ್ನು ನೆನಪಿಡಿ.

ಇಷ್ಟು ಮಾಡಿದ ಮೇಲೆ ನಮ್ಮ ಪಟ್ಟಿ ಕೈಯಲ್ಲಿ ಹಿಡಿಯುವಷ್ಟಾಯಿತು. ಅದರಲ್ಲಿ ಒಂದು ಹೆಸರು ನೋಡಿ ನಾನು ಪಕ್ಕದವಳನ್ನು ತಿವಿದೆ. ಬೆಳಗಾವಿ! 2006ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಗೈನಕಾಲಜಿ ಅಂಡ್ ಆಬ್‌ಸ್ಟೆಟ್ರಿಕ್ಸ್‌ನಲ್ಲಿ ಬಂದ ಅಧ್ಯಯನ. ಮಾಡಿದ್ದು ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ. 123 ಬಾಣಂತಿಯರನ್ನು ಎರಡು ಗುಂಪು ಮಾಡಿದ್ದಾರೆ. ಒಂದು ಗುಂಪಿಗೆ ಕಣ್ಣಳತೆ, ಇನ್ನೊಂದಕ್ಕೆ ಡ್ರೇಪ್. ಕಣ್ಣಳತೆಯ ಲೆಕ್ಕ ಡ್ರೇಪಿನ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಬಂದಿದೆ. ಲೇಬರ್ ರೂಮಿನ ಹೊರಗೆ ನಾವು ಮೂವರು ವಾದ ಮಾಡಿದ್ದು ಸುಮ್ನೆ ಅಲ್ಲ ಅಂತ ಆಯ್ತು.

ಆದರೆ ಆ ಲೇಖನದಲ್ಲಿ ಊರಿನ ಹೆಸರು ಇರುವುದು ಹಳೆಯ ರೂಪದಲ್ಲಿ, ಬೆಲ್ಗಾಂ ಅಂತ. ಇದನ್ನು ಯಾರೂ ಕ್ಲಾಸಿನಲ್ಲಿ ಹೇಳುವುದಿಲ್ಲ. ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನಗಳೆಲ್ಲ ಹಳೆಯ ಹೆಸರಿನಲ್ಲೇ ಕೂತಿವೆ. ಬಳ್ಳಾರಿ ಬೇಕಾದವರು ಬೆಲ್ಲಾರಿ ಆರ್ ಬಳ್ಳಾರಿ ಅಂತ ಹಾಕಿ. ಕಲಬುರಗಿಗೆ ಗುಲ್ಬರ್ಗ ಸೇರಿಸಿ. ಕಲ್ಯಾಣ ಕರ್ನಾಟಕ ಅಂತ ಹುಡುಕಿದರೆ 2019ರಿಂದ ಈಚಿನವು ಮಾತ್ರ ಬರುತ್ತವೆ. ಅದಕ್ಕೂ ಮೊದಲು ಹೈದರಾಬಾದ್ ಕರ್ನಾಟಕ. ಕೊಪ್ಪಳದವರಿಗೆ ಇನ್ನೊಂದು ಮಾತು. ನಿಮ್ಮ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕಿಂತ ಹಳೆಯ ಅಧ್ಯಯನದಲ್ಲಿ ರಾಯಚೂರು ಜಿಲ್ಲೆ ಅಂದರೆ ಅದರಲ್ಲಿ ನೀವೂ ಇದ್ದೀರಿ. ಹಾಗೇ 2021ಕ್ಕಿಂತ ಹಿಂದಿನ ಬಳ್ಳಾರಿ ಜಿಲ್ಲೆಯಲ್ಲಿ ಹೊಸಪೇಟೆಯೂ ಸೇರಿದೆ.

ರಾಯಚೂರಿನ ಹೆಸರು ಬದಲಾಗಿಲ್ಲ, ಪುಣ್ಯ. ಆದರೆ ನಮ್ಮ ತೊಂದರೆ ಬೇರೆ. ಬರೀ ರಾಯಚೂರು ಅಂತ ಹುಡುಕಿದರೆ ಹತ್ತಿ ಹುಳ, ತೊಗರಿ, ಭತ್ತದ ರೋಗ ಎಲ್ಲಾ ಸಾಲಾಗಿ ಬರುತ್ತವೆ. ಇಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿನ ವಿಜ್ಞಾನಿಗಳ ವಿಳಾಸದಲ್ಲಿ ರಾಯಚೂರು ಇರುತ್ತದೆ. ಪಬ್‌ಮೆಡ್ ವಿಳಾಸವನ್ನೂ ಓದುತ್ತದೆ. ಅದಕ್ಕೆ ಊರಿನ ಹೆಸರನ್ನು ಯಾವಾಗಲೂ ಕೊನೆಗೆ ಅಂಡ್ ಹಾಕಿ ಸೇರಿಸಬೇಕು, ಅದರಿಂದಲೇ ಶುರು ಮಾಡಬಾರದು.

ಇನ್ನು ಐದು ವರ್ಷದ ಕಥೆ. ಲೇಖನಗಳು ಐದು ವರ್ಷದ ಒಳಗಿನವೇ ಆಗಿರಬೇಕು ಅಂತ ಬಹಳ ಕಡೆ ಹೇಳುತ್ತಾರೆ. ಹುಡುಗಿಯರು ಮೊದಲು ಮಾಡುವುದೇ ಆ ಫಿಲ್ಟರ್ ಒತ್ತುವುದು. ಒತ್ತಿದ ಕೂಡಲೇ ಬೆಳಗಾವಿಯ 2006 ಮಾಯ. ನಮ್ಮ ಕೆಲಸಕ್ಕೆ ಅದಕ್ಕಿಂತ ಹತ್ತಿರದ್ದು ಯಾವುದಿತ್ತು? ಹೊಸದು ಬೇಕು, ಸರಿ. ಆದರೆ ಫಿಲ್ಟರ್ ಇಲ್ಲದೆ ಒಮ್ಮೆ ನೋಡಿ, ಆಮೇಲೆ ಹಾಕಿ. ಹಳೆಯದನ್ನು ಯಾಕೆ ಇಟ್ಟುಕೊಂಡಿರಿ ಅಂತ ಗೈಡ್ ಕೇಳಿದರೆ ಕಾರಣ ಹೇಳಿ. ನಮ್ಮ ಮೇಡಂ ಕಾರಣ ಕೇಳಿ ಒಪ್ಪಿಕೊಂಡರು.

ಒಂದು ಒಳ್ಳೆಯ ಲೇಖನ ಸಿಕ್ಕರೆ ಅದೇ ಮುಂದಿನದಕ್ಕೆ ದಾರಿ ತೋರಿಸುತ್ತದೆ. ಪಬ್‌ಮೆಡ್‌ನಲ್ಲಿ ಲೇಖನದ ಕೆಳಗೆ ಸಿಮಿಲರ್ ಆರ್ಟಿಕಲ್ಸ್ ಅಂತ ಇರುತ್ತದೆ. ಸೈಟೆಡ್ ಬೈ ಅಂತಲೂ ಇರುತ್ತದೆ. ಅಂದರೆ ಆಮೇಲೆ ಬಂದ ಯಾರು ಇದನ್ನು ಉಲ್ಲೇಖಿಸಿದ್ದಾರೆ ಅಂತ. ಹೀಗೇ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋದೆವು. 2010ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಯುರೋಪಿನ 13 ದೇಶಗಳ ಅಧ್ಯಯನ ಬಂದಿದೆ. 78 ಹೆರಿಗೆ ಘಟಕ, 25,000ಕ್ಕೂ ಹೆಚ್ಚು ಹೆರಿಗೆ. ಬ್ಯಾಗ್ ಹಾಕಿದ್ದರಿಂದ ತೀವ್ರ ಪಿಪಿಎಚ್ ಕಡಿಮೆ ಆಯಿತು ಅಂತ ಹೇಳಲು ಆಗಿಲ್ಲ. ಬ್ಯಾಗ್ ಹಾಕಿದ ಕಡೆ ಶೇ. 1.71, ಹಾಕದ ಕಡೆ ಶೇ. 2.06, ಅಷ್ಟೇ ಅಂತರ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ರಿವ್ಯೂ, 2018ರದು, ಇನ್ನೂ ಖಡಕ್. ಒಂದು ವಿಧಾನಕ್ಕಿಂತ ಇನ್ನೊಂದು ಮೇಲು ಅನ್ನಲು ಪುರಾವೆ ಸಾಲದು ಅಂದುಬಿಟ್ಟಿದೆ.

ಗುಂಪಿನಲ್ಲಿ ಎಲ್ಲರ ಮುಖ ಇಳಿಯಿತು. ಟಾಪಿಕ್ ಬದಲಿಸೋಣವಾ ಅಂತ ಮಾತು ಬಂತು. ನನಗೆ ಮಾತ್ರ ಇಲ್ಲಿಂದಲೇ ರುಚಿ ಹತ್ತಿದ್ದು. 2023ರ ಲೇಖನ ತೆಗೆದು ನೋಡಿ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, ಇ-ಮೋಟಿವ್ ಟ್ರಯಲ್. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆ, 2,10,132 ತಾಯಂದಿರು. ಇಲ್ಲಿ ಡ್ರೇಪ್ ಒಂದನ್ನೇ ಕೊಟ್ಟು ಕೈಬಿಟ್ಟಿಲ್ಲ. ಅಳತೆ ಗೆರೆ ದಾಟಿದ ಕೂಡಲೇ ಗರ್ಭಕೋಶದ ಮಸಾಜ್, ಆಕ್ಸಿಟೋಸಿನ್ ಥರದ ಔಷಧಿ, ಟ್ರಾನೆಕ್ಸಾಮಿಕ್ ಆಸಿಡ್, ಐವಿ ಫ್ಲೂಯಿಡ್, ಪರೀಕ್ಷೆ, ಇವೆಲ್ಲ ಒಟ್ಟಿಗೆ ಶುರುವಾಗಬೇಕು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಆಪರೇಷನ್, ಸಾವು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಹಳೆಯ ರೀತಿಯಲ್ಲಿ ಶೇ. 4.3, ಹೊಸ ರೀತಿಯಲ್ಲಿ ಶೇ. 1.6. ಪಿಪಿಎಚ್ ಪತ್ತೆಯಾಗಿದ್ದು ಹಳೆಯ ರೀತಿಯಲ್ಲಿ ಶೇ. 51.1, ಹೊಸ ರೀತಿಯಲ್ಲಿ ಶೇ. 93.1. ಯುರೋಪಿನದೂ ಆಫ್ರಿಕಾದ್ದೂ ಜಗಳ ಅಲ್ಲ, ಎರಡೂ ಬೇರೆ ಬೇರೆ ಪ್ರಶ್ನೆ ಕೇಳಿವೆ. ಅಳೆದು ಸುಮ್ಮನಿರುವುದು ಒಂದು, ಅಳೆದ ಕೂಡಲೇ ಕೈಹಚ್ಚುವುದು ಇನ್ನೊಂದು. ನಮ್ಮ ರಿವ್ಯೂ ಅಧ್ಯಾಯ ಬರೆದಿದ್ದೇ ಈ ಎಳೆ ಹಿಡಿದು. "ಅವರು ಹೀಗೆಂದರು, ಇವರು ಹಾಗೆಂದರು" ಅಂತ ಪ್ಯಾರಾ ಮೇಲೆ ಪ್ಯಾರಾ ಪೇರಿಸಿದ್ದರೆ ಈ ಮಾತು ಎಲ್ಲೂ ಕಾಣುತ್ತಿರಲಿಲ್ಲ.

ಪೀರ್ ರಿವ್ಯೂಡ್ ಅಂತ ಗೊತ್ತಾಗುವುದು ಹೇಗೆ ಅನ್ನುವುದು ಜೂನಿಯರ್‌ಗಳ ಮುಖ್ಯ ಪ್ರಶ್ನೆ. ಬರೆದ ಲೇಖನವನ್ನು ಅದೇ ಕ್ಷೇತ್ರದ ಬೇರೆ ತಜ್ಞರು ಓದಿ, ಪ್ರಶ್ನೆ ಹಾಕಿ, ತಿದ್ದಿಸಿದ ಮೇಲೆ ಅಚ್ಚಾಗುವುದು ಪೀರ್ ರಿವ್ಯೂ. ಸಿನಾಲ್ (CINAHL) ಅಂತ ನರ್ಸಿಂಗ್‌ಗೇ ಇರುವ ಡೇಟಾಬೇಸ್ ಇದೆ, ಎಬ್‌ಸ್ಕೋ ಕಂಪನಿಯದು. ಅದರಲ್ಲಿ ಪೀರ್ ರಿವ್ಯೂಡ್ ಅಂತ ಒಂದು ಟಿಕ್ ಇದೆ. ಆದರೆ ಅದಕ್ಕೆ ಕಾಲೇಜು ಚಂದಾ ಕಟ್ಟಿರಬೇಕು. ಪಬ್‌ಮೆಡ್‌ನಲ್ಲಿ ಆ ಟಿಕ್ ಇಲ್ಲ. ಗೂಗಲ್ ಸ್ಕಾಲರ್‌ನಲ್ಲೂ ಇಲ್ಲ. ಪಬ್‌ಮೆಡ್‌ನಲ್ಲಿ ಇದ್ದರೆ ಸಾಕು ಅನ್ನುವವರಿದ್ದಾರೆ. ಸಾಕಾಗುವುದಿಲ್ಲ. ಸಂಪಾದಕೀಯ, ಓದುಗರ ಪತ್ರ, 2020ರಿಂದ ಕೆಲವು ಪ್ರಿಪ್ರಿಂಟ್‌ಗಳು (ತಜ್ಞರು ಓದುವ ಮೊದಲೇ ಹಾಕಿದ ಲೇಖನಗಳು) ಕೂಡ ಅಲ್ಲಿವೆ.

ನಾನು ಮಾಡುವುದು ಇಷ್ಟು. ಅಬ್‌ಸ್ಟ್ರಾಕ್ಟ್ ಕೆಳಗೆ ಪಬ್ಲಿಕೇಶನ್ ಟೈಪ್ ಅಂತ ಇರುತ್ತದೆ, ಅದನ್ನು ಓದುತ್ತೇನೆ. ಲೆಟರ್, ಎಡಿಟೋರಿಯಲ್ ಅಂತಿದ್ದರೆ ಪಕ್ಕಕ್ಕೆ. ರಿಟ್ರ್ಯಾಕ್ಟೆಡ್, ಅಂದರೆ ವಾಪಸ್ ತೆಗೆದುಕೊಂಡಿದ್ದು ಅಂತಿದ್ದರೆ ಓಡಿಹೋಗು. ಆಮೇಲೆ ಪೂರ್ತಿ ಲೇಖನ ತೆಗೆದು ರಿಸೀವ್ಡ್, ರಿವೈಸ್ಡ್, ಆಕ್ಸೆಪ್ಟೆಡ್ ತಾರೀಖು ಹುಡುಕುತ್ತೇನೆ. ಬಹಳ ಜರ್ನಲ್‌ಗಳು ಅದನ್ನು ಮೊದಲ ಪುಟದ ಅಂಚಿನಲ್ಲೋ ಕೊನೆಯಲ್ಲೋ ಹಾಕಿರುತ್ತವೆ. ಬಂದಿದ್ದಕ್ಕೂ ಒಪ್ಪಿದ್ದಕ್ಕೂ ನಡುವೆ ಎರಡು ದಿನ ಮಾತ್ರ ಇದ್ದರೆ ಯಾರು ಯಾವಾಗ ಓದಿದರು ಅಂತ ಅನುಮಾನ ಬರಬೇಕು. ಉಚಿತ ಜರ್ನಲ್ ಆದರೆ ಡಿಒಎಜೆ (DOAJ) ಅನ್ನುವ, ಪರಿಶೀಲಿಸಿದ ಉಚಿತ ಜರ್ನಲ್‌ಗಳ ಪಟ್ಟಿಯಲ್ಲಿ ಇದೆಯಾ ನೋಡುತ್ತೇನೆ. "ಮೂರು ದಿನದಲ್ಲಿ ಪ್ರಕಟಣೆ, ಇ-ಸರ್ಟಿಫಿಕೇಟ್ ಉಚಿತ" ಅಂತ ವಾಟ್ಸಾಪ್‌ನಲ್ಲಿ ಬರುವ ಜರ್ನಲ್‌ಗಳ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಅಂತ ಇದ್ದೇ ಇರುತ್ತದೆ. ಅವುಗಳಲ್ಲಿ ನರ್ಸಿಂಗ್ ಹೆಸರಿನವೂ ಕಡಿಮೆ ಇಲ್ಲ.

ದುಡ್ಡು ಕೇಳುವ ಪುಟ ಬಂದರೆ? ಮೂವತ್ತು ಡಾಲರ್, ನಲವತ್ತು ಡಾಲರ್ ಅಂತ ತೋರಿಸುತ್ತದೆ. ಕೊಡಬೇಡಿ. ಪಬ್‌ಮೆಡ್‌ನಲ್ಲೇ ಫ್ರೀ ಫುಲ್ ಟೆಕ್ಸ್ಟ್ ಫಿಲ್ಟರ್ ಇದೆ, ಮೊಬೈಲಿನಲ್ಲಿ ಅದು ಮೆನು ಒಳಗೆ ಅಡಗಿರುತ್ತದೆ. ಪಿಎಂಸಿ ಅಂದರೆ ಪಬ್‌ಮೆಡ್ ಸೆಂಟ್ರಲ್, ಅಲ್ಲಿರುವುದೆಲ್ಲ ಪೂರ್ತಿ ಲೇಖನ, ಉಚಿತ. ಬಿಎಂಜೆಯ ಸಂಶೋಧನಾ ಲೇಖನಗಳು ಎಲ್ಲರಿಗೂ ತೆರೆದಿವೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಹೆಲಿನೆಟ್ 2003ರಿಂದ ಇದೆ. ನಿಮ್ಮ ಕಾಲೇಜಿನಲ್ಲಿ ಅದು ಹೇಗೆ ತೆರೆಯುತ್ತದೆ ಅಂತ ಲೈಬ್ರರಿ ಸರ್ ಹತ್ತಿರ ಹೋಗಿ ಕೇಳಿ. ಅವರನ್ನು ನಾವು ಪುಸ್ತಕಕ್ಕೆ ಸೀಲ್ ಹೊಡೆಯುವವರು ಅಂತ ತಿಳಿದಿರುತ್ತೇವೆ. ನನಗೆ ಬ್ರಾಕೆಟ್ ಹಾಕುವುದನ್ನು ಕಲಿಸಿದ್ದು ಅವರೇ. ಸರ್ಕಾರಿ ಕಾಲೇಜಿನವರಿಗೆ 2025ರ ಜನವರಿಯಿಂದ ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ ಶುರುವಾಗಿದೆ, ಜರ್ನಲ್‌ಗಳ ಚಂದಾ ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ. 30 ಪ್ರಕಾಶಕರ ಸುಮಾರು 13,000 ಜರ್ನಲ್. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೊದಲ ಹಂತದಲ್ಲಿ ನಮ್ಮಂಥ ಖಾಸಗಿ ಕಾಲೇಜಿಗೆ ಅದಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಸರ್ಕಾರಿ ಕಾಲೇಜಿನ ಗೆಳತಿಯರೇ, ಸಿಕ್ಕಿದ್ದನ್ನು ಬಳಸಿ.

ಏನೂ ಆಗದಿದ್ದರೆ ಲೇಖಕರಿಗೆ ಇಮೇಲ್ ಬರೆಯಬಹುದು. ವಿಳಾಸ ಲೇಖನದಲ್ಲೇ ಇರುತ್ತದೆ. ನಾವು ಯಾರು, ಯಾಕೆ ಬೇಕು, ಎರಡು ಸಾಲು ಸಾಕು.

ಚಾಟ್‌ಬಾಟ್ ಬಗ್ಗೆ ಒಂದೇ ಮಾತು. ಪಕ್ಕದ ಗುಂಪಿನವರು ಅದರಿಂದ ರೆಫರೆನ್ಸ್ ತೆಗೆದುಕೊಂಡರು. ನೋಡಲು ಚೆಂದ, ಲೇಖಕರು, ವರ್ಷ, ಪಿಎಂಐಡಿ ನಂಬರ್ (ಪಬ್‌ಮೆಡ್ ಪ್ರತಿ ಲೇಖನಕ್ಕೂ ಕೊಡುವ ಸಂಖ್ಯೆ) ಎಲ್ಲಾ ಇತ್ತು. ಆ ನಂಬರನ್ನು ಪಬ್‌ಮೆಡ್‌ನಲ್ಲಿ ಹಾಕಿದರೆ ತೆರೆದಿದ್ದು ಇಲಿಗಳ ಮೇಲೆ ಮಾಡಿದ ಯಾವುದೋ ಪ್ರಯೋಗ. ಪಿಎಂಐಡಿ ಹಾಕಿ ನೋಡಲು ಒಂದು ನಿಮಿಷವೂ ಬೇಡ.

ಸಿಕ್ಕಿದ ಲೇಖನ ಓದುವ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಇಷ್ಟು ಹೇಳುತ್ತೇನೆ: ಡಿಸ್ಕಷನ್ ಭಾಗದಿಂದ ಶುರು ಮಾಡಬೇಡಿ, ಅಲ್ಲಿ ಇಂಗ್ಲಿಷ್ ಕಷ್ಟ. ಮೆಥಡ್ಸ್ ಭಾಗ ನೋಡಿ. ಎಷ್ಟು ಜನ, ಯಾವ ಆಸ್ಪತ್ರೆ, ಏನು ಮಾಡಿದರು. ಅದು ನಮ್ಮ ವಾರ್ಡಿನ ಇಂಗ್ಲಿಷ್, ಅರ್ಥ ಆಗುತ್ತದೆ. ಆಮೇಲೆ ಟೇಬಲ್.

ಬೆಳಗಾವಿ ಕಡೆಯ ಇನ್ನೊಂದು ಲೇಖನವೂ ನಮ್ಮ ಪಟ್ಟಿಯಲ್ಲಿ ಸಿಕ್ಕಿತ್ತು. ಅದೇ 2006, ಲ್ಯಾನ್ಸೆಟ್ ಪತ್ರಿಕೆ. ಹಳ್ಳಿಗಳಲ್ಲಿ 1,620 ಹೆರಿಗೆ. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟವರಲ್ಲಿ ಪಿಪಿಎಚ್ ಶೇ. 6.4, ಕೊಡದವರಲ್ಲಿ ಶೇ. 12. ಗುಳಿಗೆ ಕೊಟ್ಟಿದ್ದು ಡಾಕ್ಟರಲ್ಲ, ಎಎನ್‌ಎಂಗಳು, ಅಂದರೆ ಹಳ್ಳಿಯ ಸಹಾಯಕ ನರ್ಸ್‌ಗಳು. ರಕ್ತ ಅಳೆದಿದ್ದು ಡ್ರೇಪಿನಿಂದ. ನಮ್ಮ ಚಿಗವ್ವ ಎಎನ್‌ಎಂ. ಊರಿಗೆ ಹೋದಾಗ ಅವಳಿಗೆ ಮೊಬೈಲಿನಲ್ಲಿ ತೋರಿಸಿದೆ. "ಹೌದಾ? ನಮ್ಮಂಥ ಸಿಸ್ಟರ್‌ಗೋಳ ಕೈಲೆ ಮಾಡ್ಸ್ಯಾರಾ?" ಅಂದಳು. ಆಫ್ರಿಕಾದ ಅಂಕಿಯನ್ನೂ ಹೇಳಿದೆ. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. "ಆ ಪ್ಲಾಸ್ಟಿಕ್ ಚೀಲಕ್ಕ ಎಷ್ಟು ಬೀಳ್ತದ? ಒಮ್ಮೆ ಬಳಸಿ ಒಗೀಬೇಕೋ, ತೊಳದು ಮತ್ತ ಹಾಕಬೌದೋ? ಅದನ್ನ ಹುಡುಕಿ ಹೇಳು."

ಚಿಗವ್ವನ ಪ್ರಶ್ನೆಗೂ ಪಿಕೋದ ಮೊದಲ ಮೂರು ಸಾಲು ಅವೇ, ನಾಲ್ಕನೇ ಸಾಲು ಮಾತ್ರ ಬೇರೆ. ಪಿಪಿಎಚ್ ಪತ್ತೆ ಬದಲು ಖರ್ಚು. ನಮ್ಮ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಆಗಲೇ ಸಬ್ಮಿಟ್ ಆಗಿದೆ, ಇದು ಅದರಲ್ಲಿ ಸೇರುವುದಿಲ್ಲ. ಟಾಪಿಕ್ ಇಲ್ಲದ ಜೂನಿಯರ್ ಗುಂಪು ಯಾವುದಾದರೂ ಇದ್ದರೆ ತಗೊಳ್ಳಿ. ಗೈಡ್ ಹತ್ತಿರ ಮೊದಲು ಕೇಳಿಕೊಳ್ಳಿ, ಆಮೇಲೆ ನನಗೆ ಮೆಸೇಜ್ ಮಾಡಿ.